ಕೂಡಲಾರದವರ ಹಲಗೆ

ನಾನೊಂದು ಹಲಗೆ. ಬೇವಿನ ಮರದ್ದು. ಉದ್ದ ಎರಡು ಮೊಳ, ಅಗಲ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಹಲಗೆಯ ಬಾಯಲ್ಲಿ ಕೇಳುವಂಥದ್ದು ಏನಿದೆ ಎಂದು ಅನ್ನಿಸಿದವರು ಇಲ್ಲಿಗೇ ಎದ್ದು ಹೋಗಬಹುದು, ನನಗೇನೂ ಬೇಸರವಿಲ್ಲ. ಇಷ್ಟು ವರ್ಷ ನನ್ನ ಮೇಲೆ ಕೂತವರೇ ನನ್ನನ್ನು ಒಂದು ಮಾತು ಕೇಳಲಿಲ್ಲ. ನೀವು ಕೇಳದಿದ್ದರೆ ನನ್ನ ಗಂಟೇನೂ ಹೋಗುವುದಿಲ್ಲ.

ನಾನು ಹುಟ್ಟಿದ್ದು ಗುಳೇದಗುಡ್ಡದ ನೇಕಾರರ ಓಣಿಯಲ್ಲಿ. ಗುರುಸಿದ್ದಪ್ಪನ ಮದುವೆಗೆ ಮುಂಚೆ ಅವನ ಅಪ್ಪ ಪಡಸಾಲೆಯಲ್ಲಿ ಹೊಸ ಕುಣಿಮಗ್ಗ ಹೂಡಿಸಿದ. ಕುಣಿಮಗ್ಗ ಎಂದರೆ ನೆಲದಲ್ಲಿ ಒಂದು ಕುಣಿ ತೋಡಿ ಅದರ ಮೇಲೆ ಕಟ್ಟಿದ ಮಗ್ಗ. ನೇಯುವವರು ಕುಣಿಯ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು ತುಳಿಯಬೇಕು. ಆ ಅಂಚಿಗೆ ಹಾಸಲು ಬಡಿಗೇರ ಮಾನಪ್ಪ ನನ್ನನ್ನು ಕೊಯ್ದು, ಹತ್ತರಿ ಹಿಡಿದು ನುಣ್ಣಗೆ ಮಾಡಿದ. ಅಮಾವಾಸ್ಯೆಗೊಮ್ಮೆ ಮಗ್ಗಕ್ಕೆ ಪೂಜೆ ಆಗುತ್ತಿತ್ತು. ಲಾಳಿಗೆ ವಿಭೂತಿ, ಮಗ್ಗದ ಕಂಬಕ್ಕೆ ಹೂವು, ನನಗೆ ಏನೂ ಇಲ್ಲ. ಕುಂಡಿಗೆ ಹತ್ತುವ ವಸ್ತುವಿಗೆ ಯಾರು ಕೈ ಮುಗಿಯುತ್ತಾರೆ ಹೇಳಿ.

ಆದರೆ ಒಂದು ಮಾತು. ಮನುಷ್ಯರ ಮುಖ ನಾನು ಕಂಡದ್ದು ಕಡಿಮೆ. ಕಂಡದ್ದೆಲ್ಲ ಕೆಳಗಿನಿಂದ. ಬಾಯಿಯಿಂದ ಎಷ್ಟು ಬೇಕಾದರೂ ಸುಳ್ಳು ಹೇಳಬಹುದು, ಕೂಡುವುದರಲ್ಲಿ ಸುಳ್ಳು ಹೇಳಲು ಆಗುವುದಿಲ್ಲ. ಯಾರಿಗೆ ಎಲ್ಲಿ ನೋಯುತ್ತದೆ ಎಂದು ಆ ಮನೆಯಲ್ಲಿ ಮೊದಲು ತಿಳಿಯುತ್ತಿದ್ದದ್ದು ನನಗೇ.

ಗುರುಸಿದ್ದಪ್ಪ ನನ್ನ ಮೇಲೆ ಹತ್ತು ವರ್ಷ ಕೂತು ಖಣ ನೇಯ್ದ. ಕುಪ್ಪಸಕ್ಕೆ ಹೊಲಿಸುವ ಆ ಖಣದ ಬಟ್ಟೆಯೇ ನಮ್ಮ ಊರಿನ ಹೆಸರು. ಆಮೇಲೆ ಅವನು ನೇಯ್ದದ್ದನ್ನು ಮಾರಿಬರುವ ಕೆಲಸ ಹಿಡಿದು, ಮಗ್ಗವನ್ನು ಹೆಂಡತಿಗೆ ಬಿಟ್ಟ. ಹೆಂಡತಿಯ ಹೆಸರು ಬಸಲಿಂಗವ್ವ. ಗಟ್ಟಿ ಆಳು. ಆದರೆ ಮಗ ಹುಚ್ಚೇಶ ಹುಟ್ಟುವಾಗ ಎರಡು ದಿನ ಹೆರಿಗೆ ಬೇನೆ ತಿಂದಳು. ಆ ಬಾಣಂತನ ಮುಗಿಸಿ ಮಗ್ಗಕ್ಕೆ ಬಂದ ದಿನದಿಂದ ಅವಳು ನೇರವಾಗಿ ಕೂಡಲೇ ಇಲ್ಲ. ಮೈಭಾರವನ್ನೆಲ್ಲ ಬಲಕ್ಕೆ ಹಾಕುತ್ತಿದ್ದಳು. ಎಡಗಡೆ ನನಗೆ ಸೋಕಿದರೆ ಸಾಕು, ತೊಡೆ ನಡುಗುತ್ತಿತ್ತು. ಒಂದು ಹಳೆಯ ಕಂಬಳಿಯ ತುಂಡು ಮಡಚಿ ಇಟ್ಟುಕೊಂಡಳು, ಅದೂ ಯಾರೂ ನೋಡದಿರುವಾಗ. ಹೀಗೆ ಇಪ್ಪತ್ತು ವರ್ಷ. ನನ್ನ ಬಲಭಾಗ ಸವೆದು ಬೋಗುಣಿಯ ಹಾಗೆ ತಗ್ಗು ಬಿತ್ತು. ಅವಳು ಗಂಡನಿಗೂ ಹೇಳಲಿಲ್ಲ, ಹೆತ್ತ ತಾಯಿಗೂ ಹೇಳಲಿಲ್ಲ. ಕೊನೆಗೆ ಮಗನಿಗೆ ಮದುವೆ ಮಾಡಿ, ಮೊಣಕಾಲಿನ ನೆಪ ಹೇಳಿ ಮಗ್ಗ ಇಳಿದಳು.

ಸೊಸೆ ಕಸ್ತೂರಿ ಬಂದಳು. ಕಮತಗಿಯ ನೇಕಾರರ ಮಗಳು. ಕೈ ಬಲು ಚುರುಕು. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಬಂದು ಕೂತರೆ ಲಾಳಿ ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ. ಎರಡೂ ಕಡೆ ಸಮವಾಗಿ ಭಾರ ಬಿಟ್ಟು ಕೂಡುತ್ತಿದ್ದಳು, ಕಾಲಿನ ತುಳಿತಕ್ಕೆ ಸರಿಯಾಗಿ ಏನಾದರೂ ಗುನುಗುತ್ತಿದ್ದಳು. ಇಪ್ಪತ್ತು ವರ್ಷದ ಮೇಲೆ ನನ್ನ ಎಡಭಾಗಕ್ಕೂ ಮನುಷ್ಯರ ಬಿಸಿ ತಾಗಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಸಂತೋಷವಾಗಿತ್ತು.

ಮೂರನೆಯ ವರ್ಷ ಅವಳಿಗೆ ಹೆಣ್ಣುಮಗು ಹುಟ್ಟಿತು. ಒಂದೂವರೆ ದಿನ ಬೇನೆ, ಕೊನೆಗೆ ಇಕ್ಕಳ ಹಾಕಿ ಎಳೆದರಂತೆ. ಮದುವೆಯ ಸುಗ್ಗಿ ಬಂದದ್ದರಿಂದ ಎರಡು ತಿಂಗಳಿಗೇ ಮಗ್ಗಕ್ಕೆ ಬಂದಳು. ಕೂತಳು. ಕೂತವಳು ಕೆಂಡ ತಾಗಿದವರ ಹಾಗೆ ಎದ್ದು ನಿಂತಳು. ಮತ್ತೆ ಮೆಲ್ಲಗೆ ಕೂತಳು. ಭಾರ ಬಲಕ್ಕೆ ವಾಲಿತು, ಆ ಹಳೆಯ ತಗ್ಗಿಗೆ ತಾನಾಗಿ ಜಾರಿಕೊಂಡಿತು. ನನಗೆ ಎದೆ ಧಸಕ್ಕೆಂದಿತು. ಹಲಗೆಗೆ ಎಲ್ಲಿಯ ಎದೆ ಎನ್ನಬೇಡಿ, ಇತ್ತು.

ನೋವು ಹೇಗಿತ್ತು ಎಂದು ನನ್ನನ್ನು ಕೇಳಿದ್ದರೆ ನಾನು ಅಂದೇ ಹೇಳುತ್ತಿದ್ದೆ. ಕೂಡುವ ಎಲುಬಿನ ಎಡ ಮಗ್ಗುಲಿಗೆ ಶುರುವಾಗಿ ಕಾಲುಗಳ ನಡುವೆ ಮುಂದಕ್ಕೆ ಓಡುತ್ತಿತ್ತು. ಖಾರ ಹಚ್ಚಿದಂಥ ಉರಿ. ಬೆಳಿಗ್ಗೆ ಎದ್ದಾಗ ಏನೂ ಇಲ್ಲ. ಕೂತು ಹತ್ತು ನಿಮಿಷಕ್ಕೆ ಶುರು, ಮಧ್ಯಾಹ್ನಕ್ಕೆ ಜೋರು, ಸಂಜೆಗೆ ಜೀವ ಹೋಗುವಷ್ಟು. ಎದ್ದು ನಿಂತರೆ ಇಳಿಯುತ್ತಿತ್ತು, ಮಲಗಿದರೆ ಮಾಯ. ಸಂಜೆ ಗಂಡ ಕೇಳಿದ.

"ಎಲ್ಲಿ ನೋಯ್ತೈತಿ?"

"ಟೊಂಕದಾಗ," ಅಂದಳು ಕಸ್ತೂರಿ.

ಟೊಂಕ ಎಂದರೆ ಸೊಂಟ. ಸೊಂಟ ಎಲ್ಲಿ, ಅವಳ ನೋವು ಎಲ್ಲಿ. ಆದರೆ ಇನ್ನೇನು ಹೇಳಬೇಕಿತ್ತು ಅವಳು? ಆ ಜಾಗಕ್ಕೆ ಇರುವ ಹೆಸರುಗಳನ್ನೆಲ್ಲ ಗಂಡಸರು ಬೈಗುಳಕ್ಕೆ ಬಳಸಿ ಬಳಸಿ ಹಾಳು ಮಾಡಿಟ್ಟಿದ್ದಾರೆ. ಒಳ್ಳೆಯ ಮನೆಯ ಹೆಂಗಸಿನ ಬಾಯಲ್ಲಿ ಬರುವಂಥದ್ದು ಒಂದೂ ಉಳಿದಿಲ್ಲ. ಅದಕ್ಕೇ ಈ ಓಣಿಯ ಹೆಂಗಸರಿಗೆಲ್ಲ ಏನು ನೋವಾದರೂ ಟೊಂಕವೇ.

ಹೇಳಿದ್ದು ಟೊಂಕ, ಹಾಗಾಗಿ ಮದ್ದೂ ಟೊಂಕಕ್ಕೇ ಆಯಿತು. ಬಿಸಿ ಮರಳಿನ ಗಂಟು ಇಟ್ಟರು, ಎಣ್ಣೆ ತಿಕ್ಕಿದರು. ಎಲುಬು ಕೂಡಿಸುವವನ ಹತ್ತಿರ ಕರೆದೊಯ್ದರು, ಅವನು ಬೆನ್ನಿನ ಮೇಲೆ ಕಾಲಿಟ್ಟು ಲಟಕ್ಕೆನಿಸಿದ. ಎಕ್ಸರೇ ತೆಗೆಸಿದರು, ಟೊಂಕದ ಎಲುಬು ಕಲ್ಲಿನ ಹಾಗೆ ಗಟ್ಟಿಯಿದೆ ಎಂದು ಬಂತು. ಆದರೂ ಇರಲಿ ಎಂದು ಒಂದು ಅಗಲದ ಬೆಲ್ಟ್ ಬಿಗಿದರು. ಬೆಲ್ಟ್ ಮೇಲಿನಿಂದ ಒತ್ತಿದಷ್ಟೂ ಕೆಳಗೆ ಉರಿ ಹೆಚ್ಚಿತು. ಅವಳು ತುಟಿ ಕಚ್ಚಿಕೊಂಡು ಅದನ್ನು ಕಟ್ಟಿಕೊಳ್ಳುತ್ತಿದ್ದಳು, ನಾನು ಕೆಳಗೆ ಬಿದ್ದುಕೊಂಡು ಅದನ್ನು ಸಹಿಸುತ್ತಿದ್ದೆ.

ಮಗ್ಗದ ಮೇಲೆ ಬಿಟ್ಟು ಬೇರೆಲ್ಲೂ ಕಸ್ತೂರಿ ಕೂಡುವುದನ್ನೇ ಬಿಟ್ಟಳು. ರೊಟ್ಟಿ ನಿಂತು ಬಡಿಯಲು ಒಲೆಯನ್ನು ಕಟ್ಟೆಯ ಮೇಲೆ ಏರಿಸಿದಳು. ಊಟ ನಿಂತು, ಕಾಳು ಆರಿಸುವುದು ನಿಂತು, ನೆಂಟರು ಬಂದರೆ ಬಾಗಿಲ ಪಕ್ಕ ನಿಂತು ಮಾತು. ಈಗ ನೋಡಿ ಈ ಮನೆಯ ಬುದ್ಧಿ. ಸೊಸೆ ಮಾವನ ಮುಂದೆ ಕೂಡಬಾರದು ಎನ್ನುವುದು ಅಲ್ಲಿಯ ಹಳೆಯ ರೂಢಿ. ಓಣಿಯ ಬೇರೆ ಸೊಸೆಯರೆಲ್ಲ ಅದನ್ನು ಎಂದೋ ಗಾಳಿಗೆ ತೂರಿ, ಟಿವಿ ಮುಂದೆ ಕಾಲು ಚಾಚಿ ಕೂಡುತ್ತಿದ್ದರು. ಇವಳೊಬ್ಬಳೇ ನಿಂತಿದ್ದಳು. ಹಾಗಾಗಿ ಇವಳ ಹೆಸರು ಊರ ತುಂಬ ಆಯಿತು.

"ಈಗಿನ ಕಾಲದಾಗ ಇಂಥಾ ಸೊಸಿ ಎಲ್ಲಿ ಸಿಗ್ತಾಳ್ರಿ," ಎಂದರು ಇಳಕಲ್ಲಿನಿಂದ ಬಂದ ನೆಂಟರು. "ನಾಲ್ಕು ತಾಸ ಆತು ನಾವು ಬಂದು, ಮಾವನ ಮುಂದ ಒಮ್ಮಿ ಕುಂತಿಲ್ಲ."

ಗುರುಸಿದ್ದಪ್ಪ ಮೀಸೆ ನೀವಿಕೊಂಡ. ಅಕ್ಕಪಕ್ಕದ ಅತ್ತೆಯರು ತಮ್ಮ ಸೊಸೆಯರಿಗೆ ಕಸ್ತೂರಿಯನ್ನು ತೋರಿಸಿ ಬುದ್ಧಿ ಹೇಳಿದರು, ಆ ಸೊಸೆಯರು ಕಸ್ತೂರಿಗೆ ಮನಸಾರೆ ಶಾಪ ಹಾಕಿದರು. ಅವಳಿಗೆ ಎರಡೂ ತಾಗಲಿಲ್ಲ. ಎಲ್ಲರೂ ಹೊರಗೆ ಹೋದ ಮೇಲೆ ಪಡಸಾಲೆಯ ನೆಲದ ಮೇಲೆ ಮಗ್ಗುಲಾಗಿ ಮಲಗಿ ಕಣ್ಣು ಮುಚ್ಚುತ್ತಿದ್ದಳು.

ಬಸಲಿಂಗವ್ವನಿಗೆ ಗೊತ್ತಿತ್ತು. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಒಂದು ದಿನ ಸೊಸೆ ಬಲಕ್ಕೆ ವಾಲಿ ನೇಯುತ್ತಿದ್ದಾಗ ಅವಳು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಳು. ನನಗೆ ಕಂಡದ್ದು ಅವಳ ಪಾದ ಮಾತ್ರ. ಆ ಪಾದ ಬಹಳ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ತಿರುಗಿ ಒಳಗೆ ಹೋಯಿತು. ಮರುದಿನ ಮಡಚಿದ ಕಂಬಳಿಯ ತುಂಡೊಂದು ನನ್ನ ಮೇಲೆ ಬಿದ್ದಿತ್ತು. ಯಾರಿಟ್ಟರು ಎಂದು ಕಸ್ತೂರಿ ಕೇಳಲಿಲ್ಲ, ಇಟ್ಟವಳು ಹೇಳಲೂ ಇಲ್ಲ. ಬಾಯಿ ಬಿಡಬೇಕಾದ ಕಡೆ ಕಂಬಳಿ ಇಟ್ಟಳು, ಅಷ್ಟೇ.

ಹೀಗೆ ನಾಲ್ಕು ವರ್ಷ ಹೋಯಿತು. ಟೊಂಕದ ಮದ್ದುಗಳೆಲ್ಲ ಮುಗಿದ ಮೇಲೆ ಕಸ್ತೂರಿ ಇನ್ನೊಂದು ಹೆಜ್ಜೆ ಕೆಳಗಿಳಿದು, ಕಿಬ್ಬೊಟ್ಟೆ ನೋವು ಎಂದಳು. ಅಷ್ಟು ಹೇಳುವುದಕ್ಕೇ ಅವಳಿಗೆ ನಾಲ್ಕು ವರ್ಷ ಬೇಕಾಯಿತು. ಹುಚ್ಚೇಶ ಅವಳನ್ನು ಬೇರೆ ಊರಿನ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ. ತಿರುಗಿ ಬಂದ ಸಂಜೆ ಪಡಸಾಲೆಯಲ್ಲಿ ಎಲ್ಲರೂ ಸೇರಿದರು.

"ಗರ್ಭಚೀಲಕ್ಕ ಬಾವು ಬಂದೈತಂತ," ಎಂದ ಹುಚ್ಚೇಶ. "ತಗೀಲಿಲ್ಲಂದ್ರ ಮುಂದ ಕ್ಯಾನ್ಸರ್ ಆಗಬಹುದು ಅಂದ್ರು."

"ಮನ್ಯಾಗ ಇರೂದ ಒಂದ ಹೆಣ್ಣಕೂಸು," ಎಂದ ಗುರುಸಿದ್ದಪ್ಪ. "ನೀ ಏನಂತಿ?" ಎಂದು ಹೆಂಡತಿಯನ್ನು ಕೇಳಿದ.

ಬಸಲಿಂಗವ್ವ ಗೋಡೆಗೆ ಒರಗಿ, ಬಲಗಡೆಗೆ ವಾಲಿ ಕೂತಿದ್ದಳು. ಹೇಳು ಮಾರಾಯ್ತಿ, ಈಗಾದರೂ ಹೇಳು ಎಂದು ನಾನು ಒಳಗೊಳಗೇ ಒದ್ದಾಡಿದೆ. ಗರ್ಭಚೀಲಕ್ಕೆ ಏನೂ ಆಗಿಲ್ಲ, ಇದು ಕೂತರೆ ಉರಿಯುವ ನೋವು, ನನಗೂ ಇದೆ, ಅಷ್ಟು ಹೇಳಿದರೆ ಸಾಕಾಗಿತ್ತು.

"ಡಾಕ್ಟರ್ ಹೇಳಿದಮ್ಯಾಲೆ ನಂದೇನೈತಿ," ಎಂದಳು ಬಸಲಿಂಗವ್ವ. "ತಗಸ್ರಿ."

ಕಸ್ತೂರಿ ಬಾಗಿಲ ಪಕ್ಕ ನಿಂತಿದ್ದಳು. ಅವಳಿಗಾಗ ಇಪ್ಪತ್ತಾರು ವರ್ಷ. ಇನ್ನೊಂದು ಮಗು ಬೇಕೆಂಬ ಆಸೆ ಇತ್ತು. ಅದಕ್ಕೆಂದೇ ಮಗಳ ಚಿಕ್ಕ ಅಂಗಿಗಳನ್ನು ಯಾರಿಗೂ ಕೊಡದೆ ಎತ್ತಿಟ್ಟಿದ್ದಳು. ಅವಳು ಗಂಡನನ್ನು ಒಂದೇ ಮಾತು ಕೇಳಿದಳು.

"ತಗದ್ರ ಕುಂಡ್ರಾಕ ಬರ್ತೈತೇನ್ರಿ?"

"ಬರ್ತೈತಂತ," ಎಂದ ಅವನು.

ಅಷ್ಟಕ್ಕೇ ಒಪ್ಪಿದಳು. ನೆಮ್ಮದಿಯಾಗಿ ಒಂದು ಕಡೆ ಕೂಡುವುದಕ್ಕೋಸ್ಕರ ಹೆಂಗಸೊಬ್ಬಳು ಗರ್ಭಚೀಲ ಕೊಟ್ಟಳು. ಆ ಅಂಗಿಗಳನ್ನು ಎದುರುಮನೆಯ ಬಾಣಂತಿಗೆ ಕೊಟ್ಟು ಆಪರೇಷನ್ನಿಗೆ ಹೋದಳು.

ನಲವತ್ತೈದು ದಿನದ ಮೇಲೆ ಮಗ್ಗಕ್ಕೆ ಬಂದಳು. ಕುಣಿಯಲ್ಲಿ ಕಾಲು ಬಿಟ್ಟು, ಎರಡೂ ಕೈ ನನ್ನ ಮೇಲೆ ಊರಿ, ಕಣ್ಣು ಮುಚ್ಚಿ ಮೆಲ್ಲಗೆ ಭಾರ ಬಿಟ್ಟಳು. ಅದೇ ಎಡಮಗ್ಗುಲು, ಅದೇ ಉರಿ, ಒಂದು ಎಳೆಯೂ ಆಚೀಚೆ ಆಗಿರಲಿಲ್ಲ. ಅವಳು ಕಿರುಚಲಿಲ್ಲ. ಬಾಗಿ, ನನ್ನ ಅಂಚನ್ನು ಹಿಡಿದುಕೊಂಡು ಅತ್ತಳು. ಅವಳ ಕಣ್ಣೀರು ನನ್ನ ಮೇಲೆ ಬಿತ್ತು. ನಾನು ಹಲಗೆಯಾಗಿ ಹುಟ್ಟಿದ್ದಕ್ಕೆ ಅಂದು ಬಂದಷ್ಟು ಸಿಟ್ಟು ನನಗೆ ಎಂದೂ ಬಂದಿಲ್ಲ.

"ಮತ್ತ ನೋಯ್ತೈತೇನ?" ಎಂದ ಹುಚ್ಚೇಶ.

"ಹೂಂ."

"ತಗದಾರಲ್ಲ ಎಲ್ಲಾ?"

ಈಗ ಅವಳ ಹೆಸರು ಕೆಡಲು ಶುರುವಾಯಿತು. ಮೈಗಳ್ಳಿ ಎಂದರು, ಮಗ್ಗಕ್ಕೆ ಕೂಡದಿರಲು ನೆಪ ಎಂದರು, ಎಲ್ಲ ತಲೆಯೊಳಗಿನ ನೋವು ಎಂದರು. ಅವಳೂ ಹೌದೇನೋ ಅಂದುಕೊಳ್ಳುವ ಹಂತಕ್ಕೆ ಬಂದಿದ್ದಳು. ಅಷ್ಟರಲ್ಲಿ ಓಣಿಯ ಆಶಾ ಕಾರ್ಯಕರ್ತೆ ರೇಣವ್ವ ಮನೆಗೆ ಬಂದವಳು ಇವಳು ನಿಂತೇ ಇರುವುದನ್ನು ಎರಡು ಸಲ ನೋಡಿ, ಮೂರನೆಯ ಸಲ ಹಿತ್ತಲಿಗೆ ಕರೆದು ಏನೋ ಕೇಳಿದಳು. ಜಿಲ್ಲೆಯ ದೊಡ್ಡ ಆಸ್ಪತ್ರೆಯಲ್ಲಿ ನೋವಿಗೆಂದೇ ಒಬ್ಬ ಡಾಕ್ಟರಮ್ಮ ಬಂದಿದ್ದಾರೆ, ಹೋಗಿ ಬಾ ಎಂದಳು. ಹೋದರು. ಡಾಕ್ಟರಮ್ಮ ಮೊದಲ ದಿನ ಏನು ಕೆಲಸ, ಎಷ್ಟು ಹೊತ್ತು ಕೂಡುತ್ತೀರಿ ಎಂದೆಲ್ಲ ಕೇಳಿ, ಮುಂದಿನ ವಾರ ಬರುವಾಗ ಕೂಡುವ ಹಲಗೆಯನ್ನೂ ತನ್ನಿ ಎಂದರಂತೆ.

ಹಾಗೆ ನಾನು ಹುಟ್ಟಿ ನಲವತ್ತು ವರ್ಷದ ಸುಮಾರಿಗೆ ಮೊದಲ ಸಲ ಹೊರಗಿನ ಬೆಳಕು ಕಂಡೆ. ಹುಚ್ಚೇಶ ನನ್ನನ್ನು ಗೋಣಿಚೀಲದಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡ. ಬಸ್ಸು ಅರ್ಧ ಖಾಲಿಯಿತ್ತು. ಕಸ್ತೂರಿ ಕಂಬ ಹಿಡಿದು ನಿಂತೇ ಇದ್ದಳು. ಕಂಡಕ್ಟರ್ ಎರಡು ಸಲ ಹೇಳಿದ, "ಯಕ್ಕಾ, ಸೀಟ್ ಖಾಲಿ ಅದಾವಲ್ಲ, ಕುಂಡ್ರಬಾರದಾ?" ಅವಳು ಇರಲಿ ಎಂದಳು. ಒಂದು ಸೀಟಿನ ಮೇಲೆ ನನ್ನನ್ನು ಇಟ್ಟಿದ್ದರು. ಹಲಗೆ ಕೂತಿತ್ತು, ಕೂಡಬೇಕಾದವಳು ನಿಂತಿದ್ದಳು.

ಡಾಕ್ಟರಮ್ಮನ ಹೆಸರು ಜಯಶೀಲಾ ಕಟಗೇರಿ. ಅವರು ಮೊದಲು ಹುಚ್ಚೇಶನನ್ನು ಹೊರಗೆ ಕಳಿಸಿದರು. ನನ್ನನ್ನು ಎರಡು ಸ್ಟೂಲುಗಳ ಮೇಲೆ ಇಟ್ಟು ಕಸ್ತೂರಿಗೆ ಕೂಡಲು ಹೇಳಿದರು. ಕೂತಳು, ವಾಲಿದಳು, ಎದ್ದಳು.

"ಎಲ್ಲಿ ನೋವು?"

"ಟೊಂಕದಾಗ್ರಿ."

"ಟೊಂಕ ಹಲಗಿಗೆ ಹತ್ತೂದ ಇಲ್ಲಲ್ಲವಾ," ಎಂದರು ಡಾಕ್ಟರಮ್ಮ, ನಗದೆ. ಕಸ್ತೂರಿ ತಲೆ ಬಗ್ಗಿಸಿದಳು. ಆಗ ಅವರು ಮೇಜಿನ ಖಾನೆಯಿಂದ ಒಂದು ಬಳಪದ ತುಂಡು ತೆಗೆದು ಅವಳ ಕೈಗೆ ಕೊಟ್ಟರು. "ಬಾಯಿಲೆ ಹೇಳಬ್ಯಾಡ. ಮೈ ಮುಟ್ಟಿ ತೋರಿಸೂದೂ ಬ್ಯಾಡ. ನೀ ಕುಂತಾಗ ನೋಯೂ ಜಾಗ ಈ ಹಲಗಿ ಮ್ಯಾಲೆ ಎಲ್ಲಿಗೆ ಬರ್ತೈತಿ, ಅಲ್ಲಿ ಗೀಟ ಹಾಕು."

ಕಸ್ತೂರಿ ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ತಿರುಗಿ ನೋಡಿದಳು. ಆಮೇಲೆ ನನ್ನ ನಡುಮಧ್ಯೆ, ಸ್ವಲ್ಪ ಎಡಕ್ಕೆ ಒಂದು ದುಂಡನೆಯ ಗುರುತು ಹಾಕಿದಳು. ಅಲ್ಲಿಂದ ಮುಂದಕ್ಕೆ, ಅಂಚಿನವರೆಗೆ ಒಂದು ಗೆರೆ ಎಳೆದಳು. ಒಮ್ಮೆ ಕೈ ಓಡಿದ ಮೇಲೆ ನಿಲ್ಲಲಿಲ್ಲ. ಇಲ್ಲಿ ಉರಿ, ಇಲ್ಲಿ ಚುಚ್ಚುತ್ತದೆ, ಇಲ್ಲಿ ಒಳಗೆ ಏನೋ ಸಿಕ್ಕಿಕೊಂಡ ಹಾಗೆ ಎಂದು ಒಂದೊಂದಕ್ಕೂ ಗುರುತು ಹಾಕುತ್ತ ಹೋದಳು. ಐದು ವರ್ಷ ಬಾಯಿಯಿಂದ ಬರದ್ದು ಐದು ನಿಮಿಷಕ್ಕೆ ನನ್ನ ಮೈಮೇಲೆ ಬಂತು. ಡಾಕ್ಟರಮ್ಮ ಅಡ್ಡ ಮಾತಾಡದೆ ನೋಡಿದರು.

"ಕುಂತ್ರ ಹೆಚ್ಚಾಗಿ, ನಿಂತ್ರ ಕಡಿಮಿ?"

"ಹೂಂ ರೀ."

"ನಿದ್ದಿಯಿಂದ ಎಬ್ಬಸ್ತೈತೇನು?"

"ಇಲ್ರಿ. ಮಲಗಿದ್ರ ಇರೂದಿಲ್ಲ."

ಆಮೇಲೆ ಪರದೆಯ ಹಿಂದೆ ಕರೆದೊಯ್ದು ಪರೀಕ್ಷೆ ಮಾಡಿದರು. ಒಂದು ಜಾಗ ಮುಟ್ಟಿದ ಕೂಡಲೇ "ಅಲ್ಲೇ ರೀ" ಎಂಬ ದನಿ ಕೇಳಿತು. ಹೊರಗೆ ಬಂದು ಹುಚ್ಚೇಶನನ್ನು ಕರೆದು, ಇಬ್ಬರಿಗೂ ತಿಳಿಯುವ ಹಾಗೆ ಹೇಳಿದರು. ಬೆನ್ನೆಲುಬಿನ ಕೊನೆಯಿಂದ ಒಂದು ನರ ಹೊರಟು, ಕೂಡುವ ಎಲುಬಿನ ಮಗ್ಗುಲಿಗೆ ಹಾದು, ಕಾಲುಗಳ ನಡುವಿನ ಜಾಗಕ್ಕೆಲ್ಲ ಹರಡುತ್ತದೆ. ಹೆರಿಗೆಯಲ್ಲಿ ಅದು ಜಗ್ಗಿದೆ, ಗಾಯ ಮಾಯುವ ಮೊದಲೇ ಗಟ್ಟಿ ಹಲಗೆಯ ಮೇಲೆ ದಿನವಿಡೀ ಕೂತು ಅದು ಒತ್ತಿದೆ. ನೋವಿಗೆ ಹೆದರಿ ಅಲ್ಲಿಯ ಸ್ನಾಯುಗಳೆಲ್ಲ ಬಿಗಿದುಕೊಂಡಿವೆ, ಬಿಗಿದಷ್ಟೂ ನರ ಹಿಸುಕುತ್ತದೆ.

"ಎಳಿ ಸಿಕ್ಕೊಂಡಂಗ," ಎಂದಳು ಕಸ್ತೂರಿ.

"ಹೌದು, ಹಂಗ. ಜಗ್ಗಿದ್ರ ಹರಿತೈತಿ, ಸಾವಕಾಶ ಬಿಡಿಸಬೇಕು. ಎಕ್ಸರೇದಾಗ ಕಾಣೂದಿಲ್ಲ, ಅದಕ್ಕ ಮಂದಿ ಸುಳ್ಳ ಅಂತಾರ. ಸುಳ್ಳಲ್ಲ ಇದು."

ಮದ್ದನ್ನೂ ಹೇಳಿದರು. ಸಾದಾ ನೋವಿನ ಗುಳಿಗೆ ಇದಕ್ಕೆ ನಾಟುವುದಿಲ್ಲ, ನರದ ಉರಿ ಇಳಿಸುವ ಬೇರೆ ಗುಳಿಗೆ, ಸಣ್ಣ ಪ್ರಮಾಣದಿಂದ ಶುರು. ನರದ ಪಕ್ಕಕ್ಕೆ ಒಂದು ಇಂಜೆಕ್ಷನ್. ಅದರಿಂದ ನೋವು ತಗ್ಗಿದರೆ ಅದೇ ನರ ಎಂಬುದಕ್ಕೆ ಸಾಕ್ಷಿಯೂ ಆಯಿತು. ದಿನಾ ಮಲಗಿ, ಹೊಟ್ಟೆ ತುಂಬ ಉಸಿರು ತೆಗೆದುಕೊಂಡು ಕೆಳಗಿನ ಬಿಗಿ ಸಡಿಲ ಮಾಡುವ ಅಭ್ಯಾಸ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಒಂದೇ ಸಮನೆ ಕೂಡುವಂತಿಲ್ಲ. ಹಲಗೆಯ ನಡುವೆ ಸೀಳು ಕೊಯ್ಯಿಸಿ, ಮೇಲೆ ಮೆತ್ತೆ ಹಾಕಿ, ಭಾರವೆಲ್ಲ ಎರಡು ಎಲುಬಿನ ಮೇಲೆ ಬರಲಿ. ಪೂರ್ತಿ ಹೋಗುತ್ತದೆ ಎಂದು ಮಾತು ಕೊಡುವುದಿಲ್ಲ, ಬಹಳಷ್ಟು ಇಳಿಯುತ್ತದೆ, ತಿಂಗಳುಗಟ್ಟಲೆ ತಾಳ್ಮೆ ಬೇಕು ಎಂದರು.

ಎಲ್ಲ ಕೇಳಿದ ಮೇಲೆ ಕಸ್ತೂರಿ ಕೇಳಿದಳು. "ಹಂಗಾರ ನನ್ನ ಗರ್ಭಚೀಲ?"

ಡಾಕ್ಟರಮ್ಮ ಹಳೆಯ ಕಾಗದಗಳನ್ನು ತಿರುವಿದರು. "ಈ ನೋವು ಅದರದಲ್ಲವಾ," ಎಂದರು. ಹುಚ್ಚೇಶ ಹೆಂಡತಿಯ ಕಡೆ ನೋಡಲಾರದೆ ನನ್ನ ಕಡೆ ನೋಡಿದ. ನೋಡಲಿ, ಚೆನ್ನಾಗಿ ನೋಡಲಿ ಎಂದುಕೊಂಡೆ.

ಹೊರಡುವಾಗ ಡಾಕ್ಟರಮ್ಮ ನನ್ನ ಬಲಭಾಗದ ತಗ್ಗಿಗೆ ಕೈಯಾಡಿಸಿದರು. "ಇದು ಐದು ವರ್ಷದಾಗ ಸವದದ್ದಲ್ಲ. ಯಾರ ಕುಂಡ್ರತಿದ್ರು ಮೊದಲ?"

"ನಮ್ಮತ್ತಿ," ಎಂದಳು ಕಸ್ತೂರಿ. ಹೇಳಿದ ಮೇಲೆ ಅವಳೂ ಆ ತಗ್ಗನ್ನು ನೋಡಿದಳು. ದಿನಾ ಕೂತ ತಗ್ಗು, ಆದರೆ ನೋಡಿದ್ದು ಅದೇ ಮೊದಲು.

ಊರಿಗೆ ಬಂದ ಮೇಲೆ ಮಾನಪ್ಪನ ಮಗ ನನ್ನನ್ನು ಕೊಯ್ದ. ಗರಗಸ ನನ್ನ ಹೊಟ್ಟೆಯ ನಡುವೆ ಹಾದು, ಒಂದು ಅಂಗೈ ಅಗಲದ ಸೀಳು ಬಿತ್ತು. ನೋಯಲಿಲ್ಲ ಎಂದರೆ ಸುಳ್ಳಾದೀತು. ಆದರೆ ನನ್ನನ್ನು ಕೊಯ್ದದ್ದಕ್ಕೆ ಒಂದು ಕಾರಣವಾದರೂ ಇತ್ತು.

ಮದ್ದು ಶುರುವಾಯಿತು. ಮೊದಲ ಇಂಜೆಕ್ಷನ್ನಿಗೆ ಮೂರು ದಿನ ನೋವು ಪೂರ್ತಿ ಇಳಿದು, ಮತ್ತೆ ಬಂತು. ಅವಳು ಎದೆಗುಂದಿದಳು. ಎರಡನೆಯದಕ್ಕೆ ಮೂರು ವಾರ. ಉಸಿರಿನ ಅಭ್ಯಾಸ ಮಾಡುವಾಗ ಬಸಲಿಂಗವ್ವ ಗೊಣಗುತ್ತಿದ್ದಳು, ಇವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅರ್ಧ ತಾಸು ಕೂಡಬಲ್ಲವಳಾದಳು. ಉರಿ ಇತ್ತು, ಆದರೆ ಅವಳನ್ನು ಎಬ್ಬಿಸುವಷ್ಟು ಇರಲಿಲ್ಲ.

ಒಂದು ಮಧ್ಯಾಹ್ನ ಇಳಕಲ್ಲಿನ ಅದೇ ನೆಂಟರು ಬಂದಿದ್ದರು. ಕಸ್ತೂರಿ ಎಲ್ಲರಿಗೂ ಚಹಾ ಕೊಟ್ಟು, ತನ್ನದೊಂದು ಬಟ್ಟಲು ಹಿಡಿದು, ಮೆತ್ತೆ ಹಾಕಿಕೊಂಡು ಮಾವನ ಎದುರಿಗೇ ಕೂತಳು. ಯಾರಿಗೂ ಸಡ್ಡು ಹೊಡೆಯಲಿಕ್ಕಲ್ಲ. ಕೂಡಲು ಬರುತ್ತಿತ್ತು, ಕೂತಳು. ಗುರುಸಿದ್ದಪ್ಪ ಬಟ್ಟಲು ಅರ್ಧಕ್ಕೆ ಬಿಟ್ಟು ಎದ್ದು ಹೋದ. ನೆಂಟರು ಹೊರಟ ಮೇಲೆ ಕಸ್ತೂರಿ ಮಗ್ಗಕ್ಕೆ ಬಂದಾಗ ಬಸಲಿಂಗವ್ವ ಹಿಂದೆಯೇ ಬಂದಳು.

"ಮಾನ ಕಳದಿ ಇವತ್ತ. ಗರ್ಭಚೀಲದ ಜೋಡಿ ಮರ್ಯಾದಿನೂ ತಗಸಿ ಬಂದಿ ಏನ?"

ಕಸ್ತೂರಿ ತಿರುಗಿ ಬೈಯಲಿಲ್ಲ. ನನ್ನ ಮೇಲಿನ ಮೆತ್ತೆ ತೆಗೆದಳು. ಅತ್ತೆಯ ಕೈ ಹಿಡಿದು, ಬಲಗಡೆಯ ತಗ್ಗಿನ ಮೇಲೆ ಇಟ್ಟಳು.

"ಇದು ಯಾರ ಕುಂತು ಸವದದ್ದು, ಅತ್ತಿ?"

ಆ ಕೈ ನನಗೆ ಗೊತ್ತಿದ್ದ ಕೈ. ಹಿಂದಕ್ಕೆ ಎಳೆದುಕೊಳ್ಳಲು ನೋಡಿ ಬಿಟ್ಟಿತು.

"ನಾನ."

"ನಿಮಗೂ ಅಲ್ಲೇ?"

ಬಸಲಿಂಗವ್ವ ಹೌದೆಂದು ತಲೆಯಾಡಿಸಿದಳು.

"ನಂದು ಅದ ಅಂತ ಗೊತ್ತಿತ್ತು ನಿಮಗ. ಹೊಟ್ಟಿ ಕೊಯ್ಯಸೂ ದಿನ ಇಲ್ಲೇ ಕುಂತಿದ್ರಿ. ಯಾಕ ಹೇಳಲಿಲ್ಲ?"

"ಹೇಳಿದ್ರ," ಎಂದಳು ಮುದುಕಿ, "ನನಗೂ ಐತಿ ಅಂತ ಹೇಳಬೇಕಾಗತಿತ್ತಲ್ಲ, ಅಷ್ಟ ಮಂದಿ ಮುಂದ."

ಕಸ್ತೂರಿ ಮೆತ್ತೆಯನ್ನು ನನ್ನ ಮೇಲೆ ಒಗೆದಳು. ಎದ್ದು ಹಿತ್ತಲಿಗೆ ಹೋದಳು. ಎರಡು ದಿನ ಬಿಟ್ಟು ಅತ್ತೆಯ ಮುಂದೆ ನಿಂತು, "ನಾಳೆ ದವಾಖಾನಿಗೆ ಹೋಗೂಣು, ನಡೀರಿ," ಎಂದಳು. ಕ್ಷಮಿಸಿ ಕರೆದಳೆಂದು ನಾನು ತಿಳಿದಿಲ್ಲ. ಆ ನೋವು ಏನೆಂದು ಬಲ್ಲವಳು, ಅದಕ್ಕೆ ಕರೆದಳು. ಬಸಲಿಂಗವ್ವ ಒಲ್ಲೆ ಎಂದಳು. ಆಮೇಲೆ ಎಷ್ಟು ಸಲ ಕರೆದರೂ ಒಲ್ಲೆ.

ಎರಡು ವರ್ಷದ ಮೇಲೆ ಅವಳು ತೀರಿಕೊಂಡಳು. ಈ ಮನೆಯವರು ಲಿಂಗಾಯತರು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಮಣ್ಣಿನೊಳಗೂ ಕೂತೇ ಇರಬೇಕು. ಕೂಡಿಸಲು ಗಟ್ಟಿಯಾದದ್ದು ಏನಾದರೂ ತನ್ನಿ ಎಂದು ಯಾರೋ ಹಿರಿಯರು ಹೇಳಿದರು. ಹುಚ್ಚೇಶ ಅಳುತ್ತ ಬಂದು, ಕೈಗೆ ಸಿಕ್ಕಿದ್ದು ನಾನಾದ್ದರಿಂದ ನನ್ನನ್ನೇ ಎತ್ತಿಕೊಂಡು ಹೋದ.

ಬಸಲಿಂಗವ್ವನ ಭಾರ ನನ್ನ ಮೇಲೆ ಬಂತು. ಕೂಡಿಸಿದವರು ಎರಡೂ ಕಡೆ ಸಮ ಮಾಡಿ, ಜಾರದಂತೆ ಎದೆಗೆ ಬಟ್ಟೆ ಕಟ್ಟಿ, ಗೂಟಕ್ಕೆ ಬಿಗಿದರು. ಹುಚ್ಚೇಶ ಹುಟ್ಟಿದ ಮೇಲೆ ಅವಳು ನೇರವಾಗಿ ಕೂತದ್ದು ಅಂದೇ.

"ಎಷ್ಟ ಲಕ್ಷಣ ಕುಂತಾಳ ನೋಡ್ರಿ," ಎಂದಳು ಒಬ್ಬಳು. "ಪುಣ್ಯವಂತಿ. ಒಂದ ದಿನ ನೋವು ಅಂತ ಅಂದಾಕಿ ಅಲ್ಲ."

ಕಸ್ತೂರಿ ಪಕ್ಕದಲ್ಲಿ ಕೂತಿದ್ದಳು. "ಇತ್ತು," ಎಂದಳು. ದನಿ ಏರಿಸಲಿಲ್ಲ. "ಮೂವತ್ತು ವರ್ಷ ಇತ್ತು. ಕುಂಡ್ರೂ ಜಾಗದಾಗ, ಮೂತ್ರದ ಜಾಗದಾಗ. ಕುಂತ್ರ ಬೆಂಕಿ ಆಗತಿತ್ತು. ನಾಚಿಕಿಗೆ ಹೇಳಲಿಲ್ಲ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಹೆಣದ ಮುಂದೆ ಆಡುವ ಮಾತೇ ಇದು ಎಂದು ಯಾರೋ ಗೊಣಗಿದರು. ಬಾಗಿಲಲ್ಲಿ ಕೂತ ಗಂಡಸರು ಭಜನೆಯ ತಾಳ ಜೋರು ಮಾಡಿದರು.

ಹೆಣ ಕೂತ ಹಲಗೆಯನ್ನು ಮತ್ತೆ ಮಗ್ಗಕ್ಕೆ ಹಾಕುವುದಿಲ್ಲ. ಕಸ್ತೂರಿ ಹೊಸದೊಂದು ಮಾಡಿಸಿಕೊಂಡಳು, ಅದಕ್ಕೂ ನಡುವೆ ಸೀಳು. ನನ್ನನ್ನು ಹಿತ್ತಲಲ್ಲಿ ಎರಡು ಕಲ್ಲಿನ ಮೇಲೆ ಇಟ್ಟಿದ್ದಾರೆ. ಮೇಲೆ ಕೊಡ ಇಡುತ್ತಾರೆ, ಒಮ್ಮೊಮ್ಮೆ ಬೆಕ್ಕು ಮಲಗುತ್ತದೆ. ಗೆದ್ದಲು ಒಂದು ಮೂಲೆಯಿಂದ ಶುರು ಮಾಡಿದೆ. ಇಷ್ಟು ವರ್ಷ ಎಲ್ಲ ತಿಳಿದೂ ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ನನಗೆ ಬಾಯಿರಲಿಲ್ಲ, ಅದೊಂದೇ ನನ್ನ ಸಮಾಧಾನ.

ಬಸಲಿಂಗವ್ವ ತೀರಿ ಹದಿಮೂರು ದಿನ ಕಳೆದ ಮೇಲೆ, ಹೆಣದ ಮುಂದೆ ಬಾಯಿಗೆ ಸೆರಗು ಒತ್ತಿಕೊಂಡಿದ್ದವರಲ್ಲಿ ಒಬ್ಬಳು ಹಿತ್ತಲ ಬಾಗಿಲಿನಿಂದ ಬಂದಳು. ಹಿಂದಿನ ಓಣಿಯ ಸೊಸೆ, ಇಪ್ಪತ್ತೈದರ ಒಳಗಿನವಳು. ಆ ಡಾಕ್ಟರಮ್ಮ ಯಾವ ವಾರ ಸಿಗುತ್ತಾರೆ ಎಂದು ಕೇಳಿದಳು.

"ನನಗಲ್ರಿ, ನಮ್ಮ ತಂಗಿಗೆ," ಎಂದಳು.

"ಗುರುವಾರ," ಎಂದಳು ಕಸ್ತೂರಿ. ಕೊಡ ಕೆಳಗಿಳಿಸಿ, ಸೆರಗಿನಿಂದ ನನ್ನನ್ನು ಒರೆಸಿದಳು. "ಚೀಟಿ ಬರದ ಕೊಡ್ತೀನಿ. ಕುಂಡ್ರವಾ."

"ಇರ್ಲಿ ಬಿಡ್ರಿ," ಎಂದಳು ಆ ಹುಡುಗಿ. "ನಿಂತಿರ್ತೀನಿ."